ಜಡೆಸಾಮಿ ಆಕ್ಸಲ್ ತಂದದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ ಕೂತ್ಕಳಿ. ಕತೆ ಶುರು ಮಾಡ್ತೀನಿ.

ಬೆಟ್ಟದ ಮೇಲೆ ಜೇನುದೊಡ್ಡಿ ಅಂತ ಒಂದು ಊರು. ಊರು ಅಂದರೆ ಏನು, ಹತ್ತಾರು ಮನೆ, ಒಂದು ಬಾವಿ. ಅಲ್ಲಿ ಕೆಂಪಾಜಿ ಅಂತ ಒಬ್ಬ ಹೆಂಗಸು. ಗಂಡ ಬಿಟ್ಟುಹೋದ ಹಳೇ ಪಿಕಪ್ ಗಾಡೀನ ತಾನೇ ಓಡಿಸ್ತಾ ಇದ್ದಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು ಅಂದರೆ ಬೆಟ್ಟದ ಕಲ್ಲುಗಳೇ ದಾರಿ ಬಿಡಬೇಕು! ಗಾಡಿನೂ ಅಂಥದ್ದೇ. ನಾಲ್ಕೂ ಚಕ್ರ ಎಳೆಯೋ ಗಾಡಿ. ಪಕ್ಕದಲ್ಲಿದ್ದ ಸಣ್ಣ ಗೇರ್ ಒಂದು ಎಳೆದುಬಿಟ್ಟರೆ ಹಿಂದಿನ ಚಕ್ರದ ಜೊತೆಗೆ ಮುಂದಿನದೂ ಎಳೆಯೋಕೆ ಶುರು ಮಾಡ್ತಿತ್ತು. ಆ ಬೆಟ್ಟಕ್ಕೆ ಬೇರೆ ಯಾವ ಗಾಡಿನೂ ಹತ್ತುತಿರಲಿಲ್ಲ.

ಕೆಂಪಾಜಿಗೆ ಒಬ್ಬನೇ ಮಗ. ಹೆಸರು ಜಡೆಸಾಮಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಮೈಯಲ್ಲಿ ಕೋಣನ ಬಲ. ಮನಸ್ಸು ಹಾಲಿನಂಥದ್ದು. ಹೇಳಿದ ಮಾತು ಒಂದೂ ಮೀರಿದವನಲ್ಲ. ಅದೇ ಬಂದ ತೊಂದರೆ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

"ಅಯ್ಯೋ ನನ್ನ ಹಣೇಬರವೇ, ಇವನನ್ನ ಕಟ್ಕೊಂಡು ಹೆಂಗೆ ಬಾಳಲಿ!" ಅಂತ ಕೆಂಪಾಜಿ ದಿನಾ ಹಣೆ ಬಡ್ಕೊಳ್ಳೋಳು.

"ನನ್ನ ಯಾಕವ್ವ ಕಟ್ಕೋತೀಯಾ, ನಾನೇನು ಓಡೋಯ್ತೀನಾ?" ಅಂತ ಜಡೆಸಾಮಿ ಕೇಳೋನು.

ಹಿಂಗಿರುವಾಗ ಅದೇ ಊರಲ್ಲಿದ್ದ ಕೆಂಪಾಜಿಯ ಅಣ್ಣನ ಮಗಳು ರಾಜಮಣಿಗೆ ಮದುವೆ ಗೊತ್ತಾಯಿತು. ಗಂಡು ಕೆಳಗಿನ ಸೀಮೆಯ ನಾಗಮಲ್ಲು. ಗಂಡಿನ ಅಜ್ಜಿ ಒಂದೇ ಮಾತು ಹೇಳಿದ್ದಳು. "ನಂಗೆ ಮಂಡಿ ನೋವು. ಆ ಬೆಟ್ಟ ನಡೆದು ಹತ್ತಾಕಿಲ್ಲ. ಗಾಡಿ ಬಂದರೆ ಬತ್ತೀವಿ. ಇಲ್ದಿದ್ರೆ ಹೆಣ್ಣನ್ನ ಕೆಳಕ್ಕೆ ಕರ್ಕೊಂಬನ್ನಿ, ಮದುವೆ ನಮ್ಮೂರಲ್ಲೇ ಆಗ್ಲಿ."

ಕೆಂಪಾಜಿಗೆ ರೋಷ ಬಂತು. "ಹುಟ್ಟಿದ ಮನೆ ಅಂಗಳದಲ್ಲೇ ನಮ್ಮ ಹುಡುಗಿಗೆ ತಾಳಿ ಬೀಳ್ತದೆ. ಗಾಡಿ ನಾನು ತತ್ತೀನಿ, ನೀವು ಕೂತ್ಕಳಿ ಸಾಕು!" ಅಂತ ಮಾತು ಕೊಟ್ಟುಬಿಟ್ಟಳು.

ಮದುವೆಗೆ ಎರಡು ದಿನ ಇದೆ ಅನ್ನುವಾಗ, ಅಕ್ಕಿ ಬೆಲ್ಲ ತೆಂಗಿನಕಾಯಿ ಹೇರಿಕೊಂಡು ತಾಯಿ ಮಗ ಬೆಟ್ಟ ಹತ್ತುತಾ ಇದ್ದರು. ಕಡಿದಾದ ಏರು. ಅರ್ಧ ಏರಿದ್ದಾರೆ, ಗಾಡಿ ಅಡಿಯಲ್ಲಿ "ಟಣ್!" ಅಂತು. ಹಿಂದಿನ ಆಕ್ಸಲ್ ಮುರೀತು! ಗಾಡಿ ಹಿಂದಕ್ಕೆ ಜಾರತೊಡಗಿತು. ಕೆಂಪಾಜಿ ಬ್ರೇಕ್ ಮೇಲೆ ನಿಂತೇಬಿಟ್ಟಳು.

"ಲೋ ಜಡೆಯಾ! ಇಳಿ! ಚಕ್ರಕ್ಕೆ ಕಲ್ಲು ಕೊಡೋ!"

ಜಡೆಸಾಮಿ ಛಂಗನೆ ನೆಗೆದ. ದಪ್ಪ ಕಲ್ಲೊಂದು ಎತ್ತಿದ. ಚಕ್ರದ ಪಕ್ಕ ಎರಡೂ ಕೈಲಿ ಹಿಡಿದು ನಿಂತ. "ತಗೋ," ಅಂದ. ಗಾಡಿ ಜಾರಿತು. ಇವನೂ ಜೊತೆಗೆ ನಡೆದ. "ತಗೋ! ತಗೋ ಅಂದ್ನಲ್ಲ!"

ಗಾಡಿ ಹೋಗಿ ಲಂಟಾನ ಪೊದೆಗೆ ಗುದ್ದಿ ನಿಂತಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

"ಏನೋ ಮಾಡ್ತಿದ್ದೆ ಅಲ್ಲಿ?"

"ಕೊಟ್ಟೆ ಕಣವ್ವ. ಅದು ಈಸ್ಕಳ್ಳಿಲ್ಲ."

"ಅಯ್ಯೋ ನನ್ನ ಹಣೇಬರವೇ! ಕೊಡು ಅಂದ್ರೆ ಕೈಗೆ ಕೊಡೋದಲ್ಲ ಕಣೋ, ಬಗ್ಗಿ ಚಕ್ರದ ಅಡಿಗೆ ಇಡೋದು! ಕೊಡು ಅಂದ ತಕ್ಷಣ ಚಕ್ರದ ಅಡಿಗಿಡು, ತಿಳೀತಾ?"

"ಆಗ್ಲಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಕೆಂಪಾಜಿ ಸಣ್ಣ ಗೇರ್ ಎಳೆದಳು. ಹಿಂದಿನ ಚಕ್ರ ಸತ್ತಿದ್ದರೇನು, ಮುಂದಿನದು ಬದುಕಿತ್ತಲ್ಲ! ಅದರ ಬಲದಲ್ಲೇ ಗಾಡೀನ ಕುಂಟಿಸಿಕೊಂಡು ಕೆಳಗಿನ ಪೇಟೆಗೆ ತಂದು, ರಜಾಕ್ ಸಾಬರ ಶೆಡ್ ಮುಂದೆ ನಿಲ್ಲಿಸಿದಳು. ಸಾಬರು ಅಡಿಗೆ ತೂರಿ ನೋಡಿದರು. ಹೊರಗೆ ಬಂದು ಗಡ್ಡ ಕೆರೆದುಕೊಂಡರು.

"ಅಕ್ಕಾ, ಹಿಂದಿನ ಆಕ್ಸಲ್ ಪೂರ್ತಿ ಹೋಗದೆ. ಒಳಗಿನ ಗೇರಿನ ಹಲ್ಲೂ ಪುಡಿ. ರಿಪೇರಿ ಆಗಾಕಿಲ್ಲ. ಇದೇ ಥರದ ಹಳೇ ಗಾಡೀದು ಒಂದು ತಂದ್ರೆ ಇಡಿಯಾಗಿ ಬದಲಾಯಿಸ್ಬುಡ್ತೀನಿ."

"ನಾಳಿದ್ದು ಮದುವೆ ಸಾಬ್ರೇ!"

"ನಾಳೆ ಸಂಜೆಗೆ ಗಾಡಿ ಎಬ್ಬಿಸ್ತೀನಿ. ಸಾಮಾನು ತಂದುಕೊಡಿ, ಅಷ್ಟು ಸಾಕು."

ಕೆಂಪಾಜಿಗೆ ಉಸಿರು ಬಂತು. ಎದುರಿನ ಅಂಗಡಿಯಿಂದ ಟೀ ತರಿಸಿದಳು. "ಜಡೆಯಾ, ಸಾಬ್ರಿಗೆ ಟೀ ಕೊಡು."

ಕೊಡು! ಜಡೆಸಾಮಿ ತಡ ಮಾಡಲಿಲ್ಲ. ಬಗ್ಗಿದ. ಗ್ಲಾಸನ್ನ ಚಕ್ರದ ಅಡಿಗೆ ಒತ್ತಿ ಇಟ್ಟ. ಅಷ್ಟರಲ್ಲಿ ಸಾಬರು, "ಗಾಡೀನ ಒಂಚೂರು ನೆರಳಿಗೆ ತಳ್ಳೋಣ," ಅಂದರು. ತಳ್ಳಿದರು. ಚಟ್! ಗ್ಲಾಸ್ ಪುಡಿ, ಟೀ ನೆಲಕ್ಕೆ, ಚೂರೊಂದು ಟೈರಿಗೆ.

"ಯಾಕೋ ಹಂಗೆ ಮಾಡ್ದೆ?"

"ಕೊಡು ಅಂದೆ. ಚಕ್ರದಡಿಗೆ ಇಟ್ಟೆ. ನೀನೇ ಹೇಳ್ಲಿಲ್ವಾ?"

"ಅಯ್ಯೋ ನನ್ನ ಹಣೇಬರವೇ! ಕೊಟ್ಟದ್ದೆಲ್ಲ ಚಕ್ರಕ್ಕೇನೋ? ಯಾರು ಏನು ಹೇಳಿದ್ರೂ ನಿಂತು ಯೋಚ್ನೆ ಮಾಡ್ಬೇಕು. ಚೆನ್ನಾಗಿ ಯೋಚ್ನೆ ಮಾಡಿ, ಆಮೇಲೆ ಮಾಡು!"

"ಆಗ್ಲಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಗುಜರಿ ಅಂಗಡಿ ಮುರುಗೇಸಣ್ಣನಿಗೆ ಕೆಂಪಾಜಿ ಫೋನ್ ಮಾಡಿ ವಿಚಾರಿಸಿದಳು. "ಐತೆ ಬಾಕ್ಕ, ನಿಮ್ಮ ಗಾಡೀದು ಹಿಂದಿಂದೂ ಐತೆ, ಮುಂದಿಂದೂ ಐತೆ," ಅಂದ ಮುರುಗೇಸಣ್ಣ. ಬೋಲ್ಟು ಬಿಚ್ಚೋಕೆ ಸಾಬರ ಜೊತೆ ಒಬ್ಬರು ಇರಬೇಕಿತ್ತು. ಕೆಂಪಾಜಿ ತಾನೇ ಪಾನಾ ಹಿಡಿದಳು. ಮಗನಿಗೆ ತಳ್ಳುಗಾಡಿ ಕೊಟ್ಟಳು.

"ಮುರುಗೇಸಣ್ಣನ ಹತ್ರ ಹೋಗಿ ಹಿಂದಿನ ಆಕ್ಸಲ್ ಕೇಳಿ ತಗೊಂಬಾ."

ಜಡೆಸಾಮಿ ಹೋದ. ಮುರುಗೇಸಣ್ಣ ಕೇಳಿದ, "ಯಾವುದು ಬೇಕಪ್ಪ, ಹಿಂದಿಂದೋ ಮುಂದಿಂದೋ?"

ಜಡೆಸಾಮಿ ಬಾಯಿ ತೆಗೆಯೋಕೆ ಹೋದ, ನಿಲ್ಲಿಸಿದ. ಯೋಚ್ನೆ ಮಾಡಬೇಕಲ್ಲ! ಕಲ್ಲಿನ ಮೇಲೆ ಕೂತ, ಗಲ್ಲಕ್ಕೆ ಕೈ ಕೊಟ್ಟ. ಹಿಂದಿನದು ಅಂದರೆ ಯಾವುದು? ಇಲ್ಲೀಗಂಟ ಇದ್ದದ್ದು. ಅದು ಮುರಿದೋಯ್ತು. ಮುರಿದೋದ ಮೇಲೆ ಹಿಂದಿನದು ಯಾಕೆ? ಇನ್ನು ಮುಂದಕ್ಕೆ ಓಡಬೇಕಾದ್ದು ಬೇಕು. ಪಾಪ, ಅವ್ವ ಗಡಿಬಿಡೀಲಿ ತಪ್ಪು ಹೇಳವಳೆ!

"ಹಿಂದಿನದು ಮುಗೀತು ಕಣಣ್ಣ. ಮುಂದಿನದೇ ಕೊಡು," ಅಂದ.

ತಳ್ಳುಗಾಡಿ ತುಂಬ ಮುಂದಿನ ಆಕ್ಸಲ್ ಹೇರಿಕೊಂಡು, ಬೆವರು ಸುರಿಸುತ್ತಾ ಬಂದ. ಸಾಬರು ನೋಡಿದರು. ನೋಡಿ ನೆಲದ ಮೇಲೆ ಕೂತುಬಿಟ್ಟರು.

"ಇದು ಮುಂದಿನದು ಕಣೋ!" ಅಂತ ಕೂಗಿದಳು ಕೆಂಪಾಜಿ. "ಯಾರೋ ನಿಂಗೆ ಯೋಚ್ನೆ ಮಾಡು ಅಂದೋರು?"

"ನೀನೇ ಕಣವ್ವ."

"ಅಯ್ಯೋ ನನ್ನ ಹಣೇಬರವೇ! ಹಿಂದಿನದು ಅಂದ್ರೆ ಹಿಂದುಗಡೇದು. ಹಿಂದುಗಡೆ! ಇನ್ನು ಮೇಲೆ ಏನೇ ತಾ ಅಂದ್ರೂ ಹಿಂದುಗಡೇದೇ ನೋಡಿ ತಾ!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಅಷ್ಟೊತ್ತಿಗೆ ಮುರುಗೇಸಣ್ಣ ಊಟಕ್ಕೆ ಅಂತ ಅಂಗಡಿ ಮುಚ್ಚಿದ್ದ. ಇವರಿಗೂ ಹೊಟ್ಟೆ ಹಸೀತಿತ್ತು. "ಆ ಮೂಲೆ ಹೋಟ್ಲಿಂದ ತಿನ್ನೋಕೆ ಏನಾದ್ರೂ ತಾ," ಅಂತ ಕೆಂಪಾಜಿ ಡಬ್ಬ ಕೊಟ್ಟು ಕಳಿಸಿದಳು.

ಹೋಟೆಲ್ ಮುಂದುಗಡೆ ಬಿಸಿಬಿಸಿ ಇಡ್ಲಿ ಹಬೆಯಾಡ್ತಿತ್ತು. ವಡೆ ಎಣ್ಣೇಲಿ ಕುಣೀತಿತ್ತು. ಜಡೆಸಾಮಿಗೆ ಬಾಯಲ್ಲಿ ನೀರೂರಿತು. ಆದರೂ ಕಣ್ಣು ಮುಚ್ಚಿಕೊಂಡು ದಾಟಿ, ಹೋಟೆಲಿನ ಹಿಂದುಗಡೆಗೆ ಹೋದ. ಅಲ್ಲೊಂದು ಡ್ರಮ್ಮು. ಎಮ್ಮೆಗಳಿಗೆ ಅಂತ ಇಟ್ಟ ಕಲಗಚ್ಚು. ಡಬ್ಬ ಅದ್ದಿದ, ತುಂಬಿದ, ಮುಚ್ಚಳ ಹಾಕಿ ತಂದ.

ಸಾಬರು ಕೈ ತೊಳೆದು ಬಂದು ಡಬ್ಬದ ಮುಚ್ಚಳ ತೆಗೆದರು. ತೆಗೆದು, ತಿರುಗಿ ಮುಚ್ಚಿದರು. ಎದ್ದುಹೋಗಿ ಎರಡನೇ ಸಲ ಕೈ ತೊಳೆದರು.

"ಥೂ! ಇದನ್ನ ಮನುಷ್ಯರು ತಿಂತಾರೇನೋ?" ಅಂದಳು ಕೆಂಪಾಜಿ. "ತರೋ ಮೊದಲು ಮೂಸಿ ನೋಡ್ಬೇಕು. ಒಂಚೂರು ಬಾಯಿಗೆ ಹಾಕ್ಕೊಂಡು ರುಚಿ ನೋಡ್ಬೇಕು. ಚೆನ್ನಾಗಿದ್ರೆ ಮಾತ್ರ ತರ್ಬೇಕು!"

"ಆಗ್ಲಿ ಕಣವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಸಾಬರೇ ಹೋಗಿ ಇಡ್ಲಿ ತಂದರು. ತಿಂದ ಮೇಲೆ ಕೆಲಸ ಮುಂದುವರೀತು. ಮುಂದಿನ ಚಕ್ರಗಳಿಗೆ ಸಾಬರು ತಾವೇ ಕಲ್ಲು ಇಟ್ಟರು. ಮದುವೆ ಸಾಮಾನು ಕೆಳಗಿಳಿಸಿ, ಜಾಕ್ ಹಾಕಿ ಗಾಡಿಯ ಹಿಂಭಾಗ ಎತ್ತಿ, ದಪ್ಪ ಮರದ ತುಂಡುಗಳ ಮೇಲೆ ಕೂರಿಸಿದರು. ಚಕ್ರ ಬಿಚ್ಚಿದರು, ಬ್ರೇಕ್ ಪೈಪ್ ಬಿಚ್ಚಿದರು, ಕಮಾನು ಪಟ್ಟಿಗೆ ಬಿಗಿದ ಬೋಲ್ಟುಗಳನ್ನ ಬಿಚ್ಚಿದರು. ಬೋಲ್ಟುಗಳು ತುಕ್ಕು ಹಿಡಿದು ಹಟ ಮಾಡಿದವು. ಜಡೆಸಾಮಿ ಪಾನಾಕ್ಕೆ ಕೈ ಹಾಕಿ ಒಂದು ಸಲ ಎಳೆದ, ಕಿರ್ರ್ ಅಂತ ಎಲ್ಲ ಬಂದವು. "ಭಲೇ!" ಅಂದರು ಸಾಬರು. ಜಡೆಸಾಮಿ ಮುಖ ಊರಗಲ ಆಯಿತು. ಮುರಿದ ಆಕ್ಸಲ್ಲನ್ನ ಅವನೇ ಮಗು ಎತ್ತಿಕೊಂಡಹಾಗೆ ಎತ್ತಿ ಆಚೆ ಇಟ್ಟ. ಕೆಂಪಾಜಿಗೂ ಮಗನ ಮೇಲೆ ಒಂದು ಗಳಿಗೆ ಪ್ರೀತಿ ಉಕ್ಕಿತು. ಉಕ್ಕಿ, "ಹೋಗಪ್ಪ ನನ್ನ ಬಂಗಾರ, ಆಕ್ಸಲ್ ಒಳಕ್ಕೆ ಹಾಕೋಕೆ ಗೇರ್ ಆಯಿಲ್ ಬೇಕು, ಒಂದು ಡಬ್ಬ ತಗೊಂಬಾ," ಅಂದುಬಿಟ್ಟಳು.

ಬಂಗಾರ ಹೋಯಿತು. ವಾಪಸ್ ಬಂದಾಗ ಬಾಯಿ ಕಪ್ಪು, ಹಲ್ಲು ಕಪ್ಪು, ಕಣ್ಣಲ್ಲಿ ನೀರು.

"ಅವ್ವಾ, ಮೂಸಿ ನೋಡ್ದೆ, ಗಬ್ಬು ನಾತ. ರುಚಿ ನೋಡ್ದೆ, ಥೂ! ಅಂಗಡಿಯವ್ನಿಗೆ ಉಗಿದು ವಾಪಸ್ ಕೊಟ್ಟೆ. ಗಾಣದ ಮನೆಗೋಗಿ ಒಳ್ಳೆ ಕಡ್ಲೆಕಾಯೆಣ್ಣೆ ತಂದಿವ್ನಿ. ಘಮ್ ಅಂತದೆ, ನೀನೂ ಒಂಚೂರು ನೋಡು!"

ಸಾಬರು ನಗಬಾರದು ಅಂತ ಗಾಡಿ ಅಡಿಗೆ ತೂರಿಕೊಂಡರು. ಅಲ್ಲಿಂದ ಬರೀ ಕೆಮ್ಮು ಕೇಳಿಸಿತು.

ಕೆಂಪಾಜಿ ಮಗನ ಬಾಯಿಗೆ ನೀರು ಹುಯ್ದು ಮುಕ್ಕಳಿಸಿ ಉಗುಳಿಸಿದಳು. ಸೆರಗಲ್ಲಿ ಹಲ್ಲು ಒರೆಸಿದಳು. ಒರೆಸುತ್ತಲೇ ಬೈದಳು. "ಅಯ್ಯೋ ನನ್ನ ಹಣೇಬರವೇ! ಗಾಡಿ ಸಾಮಾನಿಗೆ ರುಚಿ ಏನೋ? ಹಳೇದನ್ನ ತಗೊಂಡೋಗಿ ತೋರಿಸ್ಬೇಕು. ತೋರಿಸಿ, ಇಂಥದ್ದೇ ಕೊಡು ಅನ್ಬೇಕು. ಅಷ್ಟೇ!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಆಯಿಲ್ ತರೋಕೆ ಕೆಂಪಾಜಿ ತಾನೇ ಹೊರಟಳು. ಮಗನಿಗೆ, "ಮುರುಗೇಸಣ್ಣ ಅಂಗಡಿ ತೆಗೆದಿರ್ತಾನೆ. ಆ ಮುಂದಿನ ಆಕ್ಸಲ್ ವಾಪಸ್ ಕೊಟ್ಟು, ಹಿಂದಿನದು ತಾ," ಅಂದಳು.

ಜಡೆಸಾಮಿ ತಳ್ಳುಗಾಡಿಗೆ ಮುಂದಿನ ಆಕ್ಸಲ್ ಹಾಕಿದ. ಅದರ ಮೇಲೆ ಮುರಿದಿದ್ದ ಹಳೇದನ್ನೂ ಹಾಕಿದ. ತೋರಿಸಬೇಕಲ್ಲ!

"ನೋಡಣ್ಣ," ಅಂದ ಮುರುಗೇಸಣ್ಣನಿಗೆ, ಮುಂದಿನದನ್ನ ಇಳಿಸಿ ಮುರಿದದ್ದು ತೋರಿಸಿ. "ಇಂಥದ್ದೇ ಕೊಡು."

ಮುರುಗೇಸಣ್ಣ ಒಳ್ಳೇ ಆಕ್ಸಲ್ ಎಳೆದು ತಂದ.

"ಇದಲ್ಲ. ಇದು ನೆಟ್ಟಗದೆ. ನಮ್ಮದು ನೋಡು, ಇಲ್ಲಿ ಮುರಿದದೆ."

"ಮುರಿದದ್ದು ಯಾಕಪ್ಪ ನಿಂಗೆ?"

"ಇಂಥದ್ದೇ ಕೊಡು ಅಂದವಳೆ ಅವ್ವ."

ಮುರುಗೇಸಣ್ಣ ತಲೆ ಕೆರೆದುಕೊಂಡ. ಗಿರಾಕಿ ಕೇಳಿದ್ದು ಕೊಡಬೇಕು ತಾನೇ? ಹಿತ್ತಲಿಗೆ ಹೋಗಿ ಮುರಿದದ್ದೊಂದು ಹುಡುಕಿ ತಂದ. ಜಡೆಸಾಮಿ ಬಗ್ಗಿ ನೋಡಿದ. "ಇದು ಎಡಗಡೆ ಮುರಿದದೆ ಕಣಣ್ಣ. ನಂದು ಬಲಗಡೆ." ಮುರುಗೇಸಣ್ಣ ಹಿತ್ತಲೆಲ್ಲ ಜಾಲಾಡಿದ, ಮೈಯೆಲ್ಲ ತುಕ್ಕು ಮಾಡಿಕೊಂಡ. ಕೊನೆಗೂ ಬಲಗಡೆ ಮುರಿದದ್ದು ಸಿಕ್ಕಿತು. ಜಡೆಸಾಮಿ ಕೈ ಮುಗಿದು ತಗೊಂಡು ಬಂದ.

ಶೆಡ್ ಮುಂದೆ ಈಗ ಮುರಿದ ಆಕ್ಸಲ್ಲು ಎರಡು. ಓಡೋದು ಒಂದೂ ಇಲ್ಲ. ಹೊತ್ತು ಬೇರೆ ಇಳೀತಾ ಬಂತು. ಕೆಂಪಾಜಿಗೆ ಈ ಸಲ ಬೈಯೋಕೂ ಆಗಲಿಲ್ಲ. ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಮಾತು ಕೊಟ್ಟುಬಿಟ್ಟೆ ಸಾಬ್ರೇ. ನಾಳಿದ್ದು ಆ ಅಜ್ಜಿ ಮುಂದೆ ಹೆಂಗೆ ನಿಲ್ಲಲಿ?"

ಜಡೆಸಾಮಿ ಪಕ್ಕದಲ್ಲಿ ಕೂತ. ಅವ್ವ ಅಳೋದು ಅವನಿಗೆ ಆಗದು. "ಅವ್ವಾ, ಎಡಗಡೆ ಮುರಿದದ್ದೇ ತರ್ಲಾ?" ಅಂದ ಮೆಲ್ಲಗೆ.

ಕೆಂಪಾಜಿ ಎದ್ದಳು. ಮೂಗು ಒರೆಸಿಕೊಂಡಳು. "ನಡಿಯೋ. ನಾನೇ ಬತ್ತೀನಿ!"

ಹೊರಡುವಾಗ ಸಾಬರು ಕೂಗಿ ಹೇಳಿದರು. "ಅಕ್ಕಾ, ಒಳಗಿನ ಹಲ್ಲು ಎಣಿಸ್ಕೊಂಡು ತನ್ನಿ! ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ಲೆಕ್ಕ ಒಂದೇ ಇರ್ಬೇಕು. ಇಲ್ದಿದ್ರೆ ಸಣ್ಣ ಗೇರ್ ಎಳೆದಾಗ ಒಂದು ಬೇಗ, ಒಂದು ನಿಧಾನ ಎಳೆದು ಗಾಡಿ ಹಾಳಾಯ್ತದೆ!"

ಅಂಗಡೀಲಿ ಕೆಂಪಾಜಿ ಒಳ್ಳೇ ಆಕ್ಸಲ್ ಹುಡುಕಿ, ಮುಚ್ಚಳ ಬಿಚ್ಚಿಸಿ, ಒಂದೊಂದಾಗಿ ಹಲ್ಲು ಎಣಿಸಿದಳು. ತನ್ನ ಗಾಡಿಯ ಲೆಕ್ಕಕ್ಕೆ ಸರಿ ಹೋಯಿತು. ಹರ್ಷದಲ್ಲಿ ತಿರುಗಿ ನೋಡ್ತಾಳೆ, ಜಡೆಸಾಮಿ ಮುರುಗೇಸಣ್ಣನ ಗಲ್ಲ ಹಿಡಿದು ಬಾಯಿ ಅಗಲಿಸವ್ನೆ!

"ಅವ್ವಾ, ಈ ಅಣ್ಣಂಗೆ ಮುಂದಿಂದು ಸರಿಯಾಗವೆ. ಹಿಂದಿಂದು ಎರಡು ಇಲ್ಲ!"

"ಬುಡೋ ಅವ್ರನ್ನ! ಕೈ ತೆಗಿ!" ಅಂತ ಕೆಂಪಾಜಿ ಮಗನ ಕಿವಿ ಹಿಡಿದು ಎಳೆದುಕೊಂಡು ಬಂದಳು. ಹಿಂದೆ ತಳ್ಳುಗಾಡಿ, ಗಾಡಿಯಲ್ಲಿ ಸರಿಯಾದ ಆಕ್ಸಲ್ಲು.

ಮಾರನೇ ದಿನ ಬೆಳಿಗ್ಗೆಯಿಂದ ಕೆಲಸ. ಜಡೆಸಾಮಿ ಆಕ್ಸಲ್ ಎತ್ತಿ ಹಿಡಿದ, ಸಾಬರು ಕೂರಿಸಿದರು, ಕೆಂಪಾಜಿ ಬೋಲ್ಟು ತಿರುಗಿಸಿದಳು. ಚಕ್ರ ಹಾಕಿದರು. ಆಯಿಲ್ ತುಂಬಿದರು. ಗಾಡಿ ಮರದ ತುಂಡಿನಿಂದ ನೆಲಕ್ಕಿಳಿಯಿತು. ಸಾಬರು ಬೆವರು ಒರೆಸಿಕೊಂಡು, "ಇನ್ನೊಂದೇ ಕೆಲಸ. ಪೈಪ್ ಬಿಚ್ಚಿದ್ವಲ್ಲ, ಬ್ರೇಕ್‌ಗೆ ಗಾಳಿ ಹೊಕ್ಕದೆ. ಗಾಳಿ ತೆಗೀಬೇಕು. ಒಂಚೂರೂ ಉಳೀಬಾರ್ದು. ನಮಾಜ್ ಮುಗಿಸಿ ಬಂದು ಮಾಡ್ತೀನಿ," ಅಂತ ಹೋದರು. ಕೆಂಪಾಜಿ ಕೈಕಾಲು ತೊಳೆಯೋಕೆ ನಲ್ಲಿ ಹತ್ತಿರ ಹೋದಳು.

ಜಡೆಸಾಮಿ ಅಂದುಕೊಂಡ, ಪಾಪ, ಸಾಬರು ಎಷ್ಟು ದುಡಿದವ್ರೆ. ಈ ಒಂದು ಕೆಲಸ ನಾನೇ ಮಾಡಿಬುಡೋಣ.

ಇಬ್ಬರೂ ಬಂದು ನೋಡ್ತಾರೆ, ಗಾಡಿ ಮಂಡಿ ಊರಿದ ಎಮ್ಮೆ ಥರ ಕೂತದೆ! ನಾಲ್ಕೂ ಚಕ್ರ ಚಪ್ಪಟೆ. ಸ್ಟೆಪ್ನಿ ಚಪ್ಪಟೆ. ಗೋಡೆಗೆ ಒರಗಿಸಿದ್ದ ಸಾಬರ ಸೈಕಲ್ಲೂ ಚಪ್ಪಟೆ. ಜಡೆಸಾಮಿ ಸೈಕಲ್ ಟೈರ್ ಹಿಸುಕಿ ನೋಡ್ತಾ ಇದ್ದ.

"ಒಂಚೂರೂ ಉಳಿಸಿಲ್ಲ ಸಾಬ್ರೇ!"

"ಅಯ್ಯೋ ನನ್ನ ಹಣೇಬರವೇ!" ಅಂತ ಕೆಂಪಾಜಿ ಚೀರಿದಳು. "ಹಿಡಿ ಪಂಪು! ಎಲ್ಲಿಂದ ತೆಗೆದ್ಯೋ ಅಲ್ಲಿಗೇ ವಾಪಸ್ ಹಾಕು! ಇದೊಂದು ತಲೇಲಿ ಇಟ್ಕೋ. ಗಾಡಿ ಕೆಲಸ ಮುಗಿದ ಮೇಲೆ, ಎಲ್ಲಿಂದ ಏನು ತಂದಿದ್ವೋ ಅಲ್ಲಿಗೇ ಸೇರಿಸ್ಬೇಕು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಜಡೆಸಾಮಿ ಪಂಪು ಹೊಡೆದ. ಸಾಯಂಕಾಲದವರೆಗೂ ಹೊಡೆದ. ಅತ್ತ ಸಾಬರು ಬ್ರೇಕಿನ ಗಾಳಿ ತೆಗೆದರು, ಇತ್ತ ಇವನು ಟೈರಿನ ಗಾಳಿ ತುಂಬಿದ. ಗಾಡಿ ಎದ್ದು ನಿಂತಿತು. ಸಾಬರನ್ನೂ ಮದುವೆಗೆ ಕರೆದು, ಸಾಮಾನು ತಿರುಗಿ ಹೇರಿಕೊಂಡು, ಕೆಂಪಾಜಿ ಚಾವಿ ತಿರುಗಿಸಿದಳು.

ಮದುವೆ ಬೆಳಿಗ್ಗೆ. ಪೇಟೆ ಬಸ್‌ಸ್ಟಾಂಡಿನಲ್ಲಿ ಗಂಡಿನ ಕಡೆಯವರು ಇಳಿದರು. ಅಜ್ಜಿಯನ್ನ ಮುಂದೆ ಕೂರಿಸಿ, ಮಿಕ್ಕವರನ್ನ ಹಿಂದೆ ತುಂಬಿ, ಸಾಬರನ್ನೂ ವಾಲಗದವರನ್ನೂ ಹತ್ತಿಸಿ, ಕೆಂಪಾಜಿ ಸಣ್ಣ ಗೇರ್ ಎಳೆದಳು. ಹಿಂದಿನದೂ ಮುಂದಿನದೂ ಒಂದೇ ಹೆಜ್ಜೆ ಹಾಕಿ ಎಳೆದವು. ಗುಂಡಿ ಬಂತು, ದಾಟಿತು. ತೊರೆ ಬಂತು, ದಾಟಿತು. ಆ ಕಡಿದಾದ ಏರು ಬಂತು. ಕೆಂಪಾಜಿ ಹಲ್ಲು ಕಚ್ಚಿದಳು. ಗಾಡಿ ಗುರ್ ಅಂತ ಏರಿ, ಜೇನುದೊಡ್ಡಿಯ ಅಂಗಳದಲ್ಲಿ ನಿಂತಿತು! ಅಜ್ಜಿ ಇಳಿದು ಕೆಂಪಾಜಿಯ ಕೆನ್ನೆ ಸವರಿ ಲಟಿಕೆ ಮುರಿದಳು.

"ಸದ್ಯ! ಗಾಡಿ ಕೆಲಸ ಮುಗೀತಪ್ಪ," ಅಂದಳು ಕೆಂಪಾಜಿ. ಅಂದು, ಹೆಣ್ಣಿಗೆ ಸೀರೆ ಉಡಿಸೋಕೆ ಒಳಗೆ ಹೋದಳು.

ಜಡೆಸಾಮಿ ಕಿವಿ ನೆಟ್ಟಗಾಯಿತು. ಗಾಡಿ ಕೆಲಸ ಮುಗೀತಾ? ಎಲ್ಲಿಂದ ಏನು ತಂದಿದ್ವೋ ಅಲ್ಲಿಗೇ ಸೇರಿಸಬೇಕು!

ಚಪ್ಪರದೊಳಗೆ ನಾಗಮಲ್ಲು ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಜಡೆಸಾಮಿ ಹೋದ, ಬಗ್ಗಿದ, ಅವನನ್ನ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಹೆಣ್ಣಿನ ಕಡೆಯವರು ನೋಡಿದರು. ಇದು ಗಂಡಿನ ಕಡೆಯ ಶಾಸ್ತ್ರ ಇರಬೇಕು ಅಂದುಕೊಂಡರು. ಗಂಡಿನ ಕಡೆಯವರು ನೋಡಿದರು. ಇದು ಬೆಟ್ಟದವರ ಶಾಸ್ತ್ರ ಇರಬೇಕು ಅಂದುಕೊಂಡರು. ವಾಲಗದವರು ಜೋರಾಗಿ ಊದಿದರು. ಅಜ್ಜಿ ಅಕ್ಷತೆ ಎರಚಿದಳು. ಎಲ್ಲರೂ ಹಿಂಗೆ ಖುಷಿಪಡುವಾಗ ತಾನು ಕೊಸರಾಡಿದರೆ ಚೆನ್ನಾಗಿರಲ್ಲ ಅಂತ ನಾಗಮಲ್ಲು ಬಾಸಿಂಗ ಹಿಡ್ಕೊಂಡು ಸುಮ್ಮನೆ ಜೋತುಬಿದ್ದಿದ್ದ. ಜಡೆಸಾಮಿ ಕಾಲುದಾರಿ ಹಿಡಿದು ದಡದಡ ಬೆಟ್ಟ ಇಳಿದ.

ಕೆಂಪಾಜಿ ಹೆಣ್ಣನ್ನ ಕರೆದುಕೊಂಡು ಹೊರಗೆ ಬಂದಾಗ ಹಸೆಮಣೆ ಖಾಲಿ. ಆಗಲೇ ಜಡೆಸಾಮಿ ಏದುಸಿರು ಬಿಡುತ್ತಾ ಬಂದು, ಅಜ್ಜಿಯ ಸೊಂಟಕ್ಕೆ ಕೈ ಹಾಕ್ತಾ ಇದ್ದ.

"ಜಡೆಯಾ! ಗಂಡೆಲ್ಲೋ?"

"ಬಸ್‌ಸ್ಟಾಂಡ್‌ನಲ್ಲಿ ಕೂರಿಸ್ ಬಂದೆ ಕಣವ್ವ. ಈಗ ಅಜ್ಜಿ ಸರದಿ."

ಕೆಂಪಾಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿ ಹತ್ತಿ, ಧೂಳೆಬ್ಬಿಸಿಕೊಂಡು ಇಳಿದಳು. ಬಸ್‌ಸ್ಟಾಂಡಿನ ಕಟ್ಟೆ ಮೇಲೆ ನಾಗಮಲ್ಲು ಬಾಸಿಂಗ ಸರಿ ಮಾಡಿಕೊಂಡು ಕೂತಿದ್ದ. "ಚಿಕ್ಕತ್ತೆ, ಇನ್ನೂ ಏನಾದ್ರೂ ಶಾಸ್ತ್ರ ಅದೆಯಾ?" ಅಂದ. "ಮುಗೀತು ಕಣಪ್ಪ, ಹತ್ತು!" ಅಂತ ಕೂರಿಸಿಕೊಂಡು, ಮುಹೂರ್ತ ಮೀರೋ ಮೊದಲು ತಂದು ಹಸೆಮಣೆ ಮೇಲೆ ಕೂರಿಸಿದಳು. ಆಮೇಲೆ ಮಗನ ಕಡೆ ತಿರುಗಿ ಬೆರಳು ಎತ್ತಿದಳು.

"ನೋಡು! ತಾಳಿ ಬೀಳೋಗಂಟ ನನ್ನ ಕಣ್ಣಿಗೆ ಕಾಣಿಸ್ಕೋಬೇಡ! ಕಾಣಿಸ್ಕೊಂಡ್ರೆ ನೋಡು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಕೆಂಪಾಜಿ ಅಕ್ಷತೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಳು. ಗಟ್ಟಿಮೇಳ ಶುರುವಾಯಿತು. ನಾಗಮಲ್ಲು ತಾಳಿ ಎತ್ತಿದ. ಆಗ ಹಿಂದಿನಿಂದ ಗ್ರೀಸ್ ವಾಸನೆಯ ಎರಡು ದಪ್ಪ ಅಂಗೈ ಬಂದು ಕೆಂಪಾಜಿಯ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದವು.

"ಬುಡೋ! ತಾಳಿ ಕಟ್ತಾವ್ರೆ! ಬುಡೋ ನನ್ನ!"

"ಇಲ್ಲ ಕಣವ್ವ. ನಾನು ಇಲ್ಲಿಂದ ಮದುವೆ ನೋಡ್ಬೇಕು, ನಿನ್ನ ಕಣ್ಣಿಗೂ ಕಾಣಿಸ್ಬಾರ್ದು. ಈಗ ಕಾಣಿಸ್ತೀನಾ?"

ಕೆಂಪಾಜಿ ಕೊಸರಿದಳು, ಕೋಣನ ಕೈ ಅಲ್ಲಾಡಲಿಲ್ಲ. ಕೊಸರಿ ಕೊಸರಿ ಅವಳಿಗೇ ನಗು ಬಂತು. ನಗುತ್ತಲೇ ಎಲ್ಲಿಗೆ ಬೀಳುತ್ತೋ ಅಂತ ನೋಡದೆ ಅಕ್ಷತೆ ಎಸೆದಳು, ಅದು ಹೋಗಿ ರಜಾಕ್ ಸಾಬರ ಗಡ್ಡದ ತುಂಬ ಬಿತ್ತು.

"ಕಟ್ಟಿದ್ನೇನೋ?" ಅಂತ ಕೇಳಿದಳು.

"ಕಟ್ತಾವ್ನೆ ಕಣವ್ವ. ಒಂದು ಗಂಟು ಹಾಕ್ದ. ಎರಡು ಹಾಕ್ದ. ರಾಜಮಣಿ ನಗ್ತಾವಳೆ," ಅಂದ ಜಡೆಸಾಮಿ. "ಭಾಳ ಚೆನ್ನಾಗದೆ ಕಣವ್ವ, ನೀನೂ ನೋಡ್ಬೇಕಿತ್ತು!"